ಎರಡು ಗೀಟು

ಕುಟ್ಬೋಣದಲ್ಲಿ ಜುಲೈ ಕೊನೆಯ ವಾರ.
ಮಳೆ ಮೂರು ದಿನದಿಂದ ಹೊಳವಾಗಿದೆ.
ಸಾಳ ನದಿಯ ದಂಡೆಗೆ ಎಳೆದುಹಾಕಿದ
ಟ್ರಾಲರಿನ ಹೊಟ್ಟೆಯಡಿ ಕೂತು ಬರೆಯುತ್ತೇನೆ:
ಹೆಸರು, ಕೆಲಸ, ಕೂಲಿ.
ಗುತ್ತಿಗೆದಾರ ಗೂಳಪ್ಪನ ಲೆಕ್ಕ ಕನ್ನಡದಲ್ಲೇ ಇರಬೇಕು.
ಬಾದಾಮಿಯಿಂದ ತಂದದ್ದರಲ್ಲಿ
ಅವನು ಮಾರದೆ ಉಳಿಸಿಕೊಂಡದ್ದು ಅದೊಂದೇ.

ಸೋಮವಾರ: ಯಂಕಪ್ಪ, ಕೆರೆದ. ರಾಜಾಸಾಬ, ಕೆರೆದ.
ಮಂಗಳವಾರ: ಯಂಕಪ್ಪ, ಬಳಿದ.
ಬುಧವಾರ ದೋಣಿಯ ಧಣಿ ಕಾಯ್ತಾನ್ ಬಂದ,
ಬೊಕ್ಕೆ ಎದ್ದ ನೀಲಿಯ ಮೇಲೆ ಉಗುರಾಡಿಸಿದ,
'ಪರತ್' ಅಂದ. ಹೋದ.
ಅವನ ಕೊಂಕಣಿಗೆ ಅಷ್ಟು ಸಾಕು.
ನನ್ನ ಖಾನೆ ಖಾಲಿ.

'ಬಳಿದ' ಎಂದು ಬರೆದರೆ
ಗೂಳಪ್ಪ ಹೊಸ ಬಣ್ಣದ ರೇಟು ಕೊಡಬೇಕು.
'ತಿದ್ದಿದ' ಎಂದರೆ
ಯಂಕಪ್ಪನಿಗೆ ಅರ್ಧ ಕೂಲಿ.
ಒಮ್ಮೆ ಬಳಿದದ್ದನ್ನು ಇನ್ನೊಮ್ಮೆ ಬಳಿಯುವುದಕ್ಕೆ
ನಮ್ಮ ಹಿರಿಯರು ಒಂದು ಪದ ಇಟ್ಟಿರಲೇಬೇಕು,
ಎಲ್ಲಿ ಇಟ್ಟರೋ.
'ಮರುಬಳಿದ.' ಬರೆದು ನೋಡಿದೆ.
ಸರ್ಕಾರಿ ಸುತ್ತೋಲೆಯ ಹಾಗೆ ಕಂಡಿತು.
ಹೊಡೆದುಹಾಕಿದೆ.

ಊಟದ ಹೊತ್ತಿಗೆ ಎಲ್ಲರನ್ನೂ ಕೇಳಿದೆ.

ರಾಜಾಸಾಬ ರೊಟ್ಟಿ ಮುರಿಯುತ್ತ,
'ನಮ್ಮ ಕಡೆ ಹಚ್ಚತಾರ್ರಿ.
ಬಣ್ಣಾ ಹಚ್ಚೂದು, ದೀಪಾ ಹಚ್ಚೂದು, ಗಿಡಾ ಹಚ್ಚೂದು,
ಹುಡುಗರನ್ನ ಸಾಲಿಗೆ ಹಚ್ಚೂದು.
ಜಗಳಾನೂ ಹಚ್ಚತಾರ, ನೀವೀಗ ಹಚ್ಚಾಕತ್ತೀರಲ್ಲ ಹಂಗ.'

ಬಲೆ ಹೆಣೆಯುವ ಗಂಗೊಳ್ಳಿಯ ಕುಷ್ಟ
ಬಳಿಯ ಪರ ನಿಂತ.
ಬಳಿ ಅಂದರೆ ಹತ್ತಿರ ಅಲ್ಲವೇ,
ಹತ್ತಿರ ಹೋಗದೆ ಯಾರಾದರೂ ಬಳಿದದ್ದುಂಟೇ,
ಮಾತು ಹುಟ್ಟಿದ್ದೇ ಅಲ್ಲಿಂದ ಎಂದ.
ನನ್ನ ಟ್ರಂಕಿನ ರಟ್ಟು ಹರಿದ ನಿಘಂಟಿನಲ್ಲಿ
ಬಳಿ ಒಂದು, ಬಳಿ ಎರಡು,
ಒಂದೇ ಗೋಡೆಯ ಆಚೆ ಈಚೆ
ಮಾತಿಲ್ಲದ ಎರಡು ಮನೆ.
ಕುಷ್ಟನಿಗೆ ಹೇಳಲಿಲ್ಲ.
ಯಂಕಪ್ಪನ ಮೂಗಿಗೂ ಹಲಗೆಗೂ
ಗೇಣೇ ಅಂತರವಿದ್ದದ್ದನ್ನು ನಾನೇ ಕಂಡಿದ್ದೆ.

ಮರಳುಕಾಗದ ಉಜ್ಜುವ ದ್ಯಾವಕ್ಕ ಕೈತೊಳೆದು ಎದ್ದಳು.
'ಏನ ಹುಚ್ಚಪ್ಪಾ ಮಾಸ್ತರ ನೀ.
ನಾವು ದಿನಾ ನೆಲಾ ಸಾರಸ್ತಿದ್ವಿ.
ಮರುದಿನ ಅದಕ್ಕ ಬ್ಯಾರೆ ಹೆಸರಿತ್ತೇನು?
ಒಂದ ಸಲ ಸಾರಿಸಿ ಕೈಬಿಟ್ಟರ
ಅದು ಸಾರಿಸಿದ್ಹಂಗೇನು?'

ನಾನು ಪೆನ್ನಿನ ಮುಚ್ಚಳ ಕಚ್ಚುತ್ತ
ಅವಳು ಉಜ್ಜಿದ ಜಾಗ ನೋಡಿದೆ.
ತಟ್ಟೆಯಗಲದ ಗಾಯ. ಅಂಚಿನಲ್ಲಿ ನೀಲಿ,
ಅದರಡಿ ಹಸಿರು, ಹಸಿರಿನಡಿ ಮತ್ತೆ ನೀಲಿ,
ಕಾವಿ ಕೆಂಪು, ಎಳೆಯಷ್ಟು ಹಳದಿ
(ಯಾರ ಆಸೆಯೋ, ಒಂದೇ ವರ್ಷ ನಡೆದಿರಬೇಕು),
ನಡುವೆ ಮರ.
ಮರವನ್ನು ಮುಟ್ಟಿದ್ದು ಒಂದೇ ಒಂದು ಬಣ್ಣ.
ಉಳಿದವೆಲ್ಲ ಬಣ್ಣವನ್ನೇ ಮುಟ್ಟಿದವು,
ಆದರೂ ಇಷ್ಟು ವರ್ಷ
ನೀರು ಒಳಗೆ ಬಂದಿಲ್ಲ.

ಸಂಜೆ, ಮಂಗಳವಾರದ 'ಬಳಿದ'ದ ಕೆಳಗೆ
ಎರಡು ಪುಟ್ಟ ಗೀಟು ಎಳೆದೆ,
ಮೇಲಿನಂತೆ ಎಂಬುದಕ್ಕೆ
ಗುಮಾಸ್ತರು ಎಳೆಯುವಂಥವು.
ಪದವಲ್ಲ, ಹುಟ್ಟಿದೂರು ಕೇಳುವಂತಿಲ್ಲ.

ಗೂಳಪ್ಪ ಕನ್ನಡಕ ಹಣೆಗೇರಿಸಿ
ಜೋರಾಗಿ ಓದಿಕೊಂಡ: ಯಂಕಪ್ಪ, ಬಳಿದ.
ಯಂಕಪ್ಪ, ಗೀಟು ಬಂದಲ್ಲಿ ತಡೆದ,
ನನ್ನ ಮುಖ ನೋಡಿದ, ದೋಣಿ ನೋಡಿದ,
'ಬಳಿದ' ಅಂದ.
ಪೂರಾ ಕೂಲಿ ಎಣಿಸಿ ಕೊಟ್ಟ,
ಒಂದು ನೋಟು ಹರಿದಿತ್ತು, ಅದನ್ನೂ ಸೇರಿಸಿ.

ರಾತ್ರಿ ಮಳೆ ಹೊಯ್ಯಿತು.
ಹಸಿ ನೀಲಿ ಕಣ್ಣೀರಿಟ್ಟ ಕಾಡಿಗೆಯಂತೆ
ಮೂತಿಯಿಂದ ಮರಳಿಗೆ ಇಳಿದಿತ್ತು.
ಯಂಕಪ್ಪ ಬ್ರಷ್ ಹಿಂಡುತ್ತ
ನನ್ನ ಕಡೆ ನೋಡಿ ಹುಬ್ಬೇರಿಸಿದ.

ಗುರುವಾರ: ಯಂಕಪ್ಪ,
ಎರಡು ಗೀಟು.